ಬಾರದ ಪಿಕ್ಚರಿನ ಹಾಡು

ಸಿಂದಗಿಯ ಹಾಜಿಮಲಂಗ ಮಾಸ್ತರ ಸುಳ್ಳು ಹೇಳುವ ಮನುಷ್ಯನಲ್ಲ. ಹುಟ್ಟಿದಾರಭ್ಯ ಹೇಳಿದ್ದು ಒಂದೇ ಒಂದು. ಆದರೆ ಆ ಒಂದು ಸುಳ್ಳಿಗೆ ಕೈಕಾಲು ಮೂಡಿ, ಮೀಸೆ ಬಂದು, ಅದು ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಮದುವೆಯೂಟವನ್ನೆಲ್ಲ ಉಂಡು, ಕೊನೆಗೆ ಯಜಮಾನನ ಕೊರಳಿಗೇ ಬಂದು ಜೋತುಬಿತ್ತು. ಮೊದಲಿನಿಂದ ಸಣ್ಣಪುಟ್ಟ ಸುಳ್ಳು ಹೇಳಿ ಕೈ ಪಳಗಿಸಿಕೊಂಡಿರಬೇಕಿತ್ತು. ರೂಢಿಯಿಲ್ಲದವನು ಒಮ್ಮೆಲೇ ದೊಡ್ಡದಕ್ಕೆ ಕೈ ಹಾಕಿದರೆ ಹೀಗೇ ಆಗುವುದು.

ಮಾಸ್ತರ ಎಂದರೆ ಸಾಲಿ ಮಾಸ್ತರನಲ್ಲ, ಬ್ಯಾಂಡ್ ಮಾಸ್ತರ. ಎಪ್ಪತ್ತರ ದಶಕದ ನಡುವಿನ ಮಾತು ಇದು. ಮಳೆಗಾಲದಲ್ಲಿ ಅವನೂ ಹೆಂಡತಿ ಸಗೀರಾಳೂ ಬಜಾರದ ಸಣ್ಣ ಅಂಗಡಿಯಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದರು. ತುಳಸಿ ಲಗ್ನ ಮುಗಿದು ಮದುವೆಯ ಸುಗ್ಗಿ ಶುರುವಾಯಿತೆಂದರೆ ಹತ್ತಿ ಹಿಂಜುವ ಬಿಲ್ಲು ಗೋಡೆಗೆ ಏರುತ್ತಿತ್ತು, ಕ್ಲಾರ್ನೆಟ್ ಪೆಟ್ಟಿಗೆಯಿಂದ ಹೊರಬರುತ್ತಿತ್ತು. ಕೆಂಪು ಕೋಟು, ಹೆಗಲ ಮೇಲೆ ಜರಿಯ ಗೊಂಡೆ, ತಲೆಗೆ ಟೋಪಿ. ಅವನ ಹಿಂದೆ ಪೀಪಿಯವರು, ತಾಷಾ ಬಡಿಯುವವರು, ಎಲ್ಲರಿಗಿಂತ ಹಿಂದೆ ದೊಡ್ಡ ಢೋಲಿನವನು. ಅಂಗಡಿಯಲ್ಲಿ ಕೂತಾಗ ಮೈತುಂಬ ಹತ್ತಿಯ ಎಳೆ ಮೆತ್ತಿಕೊಂಡು ಮುದಿಬೆಕ್ಕಿನಂತೆ ಕಾಣುತ್ತಿದ್ದ ಮನುಷ್ಯ, ಆ ಕೋಟು ತೊಟ್ಟನೆಂದರೆ ಕಲೆಕ್ಟರ್ ಜೀಪು ಎದುರಿಗೆ ಬಂದರೂ ದಾರಿ ಬಿಡುತ್ತಿರಲಿಲ್ಲ.

ಆಗ ನಮ್ಮ ಕಡೆಯ ಮೆರವಣಿಗೆಗಳಲ್ಲಿ ಒಂದು ಪದ್ಧತಿಯಿತ್ತು. ವರನ ಕುದುರೆ ಯಾವುದಾದರೂ ಕಟ್ಟೆಯ ಮುಂದೆ ನಿಲ್ಲಬೇಕು, ಬ್ಯಾಂಡಿನವರು ಒಂದು ಹಾಡು ಪೂರ್ತಿ ಬಾರಿಸಬೇಕು. ಹಾಡು ಹಿಡಿಸಿದರೆ ಹಿರಿಯರೊಬ್ಬರು ಕೈ ಎತ್ತಿ, "ಯಾವ ಪಿಕ್ಚರ್‌ದು ಮಾಸ್ತರ?" ಎಂದು ಕೇಳುತ್ತಿದ್ದರು. ಮಾಸ್ತರ ಪಿಕ್ಚರಿನ ಹೆಸರು ಹೇಳಿದ ಮೇಲೆಯೇ ಅವನ ಕೋಟಿಗೆ ಖುಷಿಯ ನೋಟು ಚುಚ್ಚುವುದು. ಹೆಸರು ಹೇಳಲು ಬಾರದ ಹಾಡೆಂದರೆ ಗೋತ್ರ ಗೊತ್ತಿಲ್ಲದ ಬೀಗರಿದ್ದಂತೆ. ಎಷ್ಟೇ ಚೆಂದ ಇದ್ದರೂ ಯಾರೂ ಹತ್ತಿರ ಕೂಡಿಸಿಕೊಳ್ಳುತ್ತಿರಲಿಲ್ಲ.

ಹಾಗಾಗಿ ಹೊಸ ಪಿಕ್ಚರಿನ ಹಾಡನ್ನು ಮೊದಲು ಯಾರು ತರುತ್ತಾರೋ ಮದುವೆಗಳು ಅವರ ಪಾಲಿಗೆ. ಹಾಜಿಮಲಂಗನಿಗೆ ಈ ವಿಷಯದಲ್ಲಿ ಇದ್ದ ಏಕಮಾತ್ರ ವೈರಿ ಇಂಡಿಯ ಫಕ್ರುದ್ದೀನ. ಇಬ್ಬರೂ ಸೊಲ್ಲಾಪುರದ ಒಬ್ಬನೇ ಉಸ್ತಾದನ ಕೈಯಲ್ಲಿ ಕಲಿತವರು, ಒಂದೇ ತಾಟಿನಲ್ಲಿ ಉಂಡವರು. ಒಂದೇ ತಾಟಿನಲ್ಲಿ ಉಂಡವರ ಜಗಳ ಬೇಗ ಮುಗಿಯುವುದಿಲ್ಲ.

ಆ ವರ್ಷ ಸಂಕ್ರಾಂತಿ ಮುಗಿದ ಮೇಲೆ ಹಾಜಿಮಲಂಗ ಸೊಲ್ಲಾಪುರಕ್ಕೆ ಹೋಗಿ, ಎಲ್ಲರಿಗಿಂತ ಮೊದಲೇ ಹೊಸ ಹಿಂದಿ ಪಿಕ್ಚರಿನ ರೆಕಾರ್ಡು ಹಿಡಿದುಕೊಂಡು ಬಂದ. ಹೊದಿಕೆಯ ಮೇಲೆ ನಾಯಕ, ನಾಯಕಿ, ಹಿಂದೊಂದು ಗುಡ್ಡ ಎಲ್ಲ ಸರಿಯಾಗಿಯೇ ಇತ್ತು. ಒಳಗಿನ ತಟ್ಟೆ ಮಾತ್ರ ಬೇರೆ. ಗಿರಾಕಿಗಳ ಗದ್ದಲದಲ್ಲಿ ಅಂಗಡಿಯವನು ಯಾರದೋ ಅಂಗಿ ಯಾರಿಗೋ ತೊಡಿಸಿದ್ದ. ತಮ್ಮ ಗಾದಿ ಅಂಗಡಿಯ ಹಳೆಯ ರೆಕಾರ್ಡ್ ಪ್ಲೇಯರಿನ ಮೇಲೆ ಇಟ್ಟರೆ ಮೊದಲು ಘಲ್ ಘಲ್ ಎಂದು ಗಂಟೆ, ಹಿಂದೆಯೇ ಡಬಡಬ ಡ್ರಮ್ಮು, ಟಣಟಣ ತಂತಿ, ಆಮೇಲೆ ಇಲಿಮರಿಗಳಂಥ ದನಿಯಲ್ಲಿ ಯಾರೋ ಇಂಗ್ಲಿಷಿನಲ್ಲಿ ಅವಸರ ಅವಸರವಾಗಿ ಹಾಡತೊಡಗಿದರು.

ಗಾದಿಗೆ ಟಾಕಿ ಹಾಕುತ್ತಿದ್ದ ಸಗೀರಾ ಸೂಜಿ ನಿಲ್ಲಿಸಿದಳು. "ಇದೇನ್ರಿ, ಎತ್ತಿನ ಗಾಡಿಯವರು ಹಾಡಾಕತ್ತಾರೇನು?"

"ಅಂಗಡಿಯಾವ ಟೋಪಿ ಹಾಕ್ಯಾನ," ಎಂದು ಹಾಜಿಮಲಂಗ ತಲೆಗೆ ಕೈ ಹೊತ್ತು ಕೂತ. ತಿರುಗಿ ಸೊಲ್ಲಾಪುರಕ್ಕೆ ಹೋಗಲು ಹೊತ್ತಿರಲಿಲ್ಲ. ಮರುದಿನವೇ ಅಗರಖೇಡದ ಧೂಳಪ್ಪಗೌಡರ ಮಗಳ ಮದುವೆ. ಆದರೆ ಕೂತಲ್ಲೇ ಅವನ ಬೆರಳು ಮೊಣಕಾಲ ಮೇಲೆ ಆಡತೊಡಗಿದ್ದವು. ಆ ತಟ್ಟೆಯಲ್ಲಿದ್ದ ಒಂದು ಹಾಡು, ಬ್ಯಾಡ ಬ್ಯಾಡವೆಂದರೂ, ಕರೆಯದೇ ಬಂದ ನೆಂಟನಂತೆ ಕಿವಿಯೊಳಗೆ ಹಾಸಿಗೆ ಹಾಸಿಬಿಟ್ಟಿತ್ತು. ಸಂಜೆಯೊಳಗೆ ಅವನು ಅದನ್ನು, ಗಂಟೆಯ ಸದ್ದಿಗೆ ಎತ್ತಿನ ಕೊರಳ ಗೆಜ್ಜೆಸರ ಸೇರಿಸಿ, ಇಡೀ ಬ್ಯಾಂಡಿಗೆ ಕಲಿಸಿಯೂ ಬಿಟ್ಟ.

ಅಗರಖೇಡದಲ್ಲಿ ಆ ಹಾಡು ಎದ್ದಿತು ನೋಡಿ, ವರನ ಕುದುರೆ ತಾನಾಗಿಯೇ ಕಾಲು ಕುಣಿಸಿತು. ಮಂಡಿನೋವೆಂದು ಕಟ್ಟೆ ಇಳಿಯದಿದ್ದ ಮುದುಕರು ರುಮಾಲು ಬೀಸುತ್ತ ಇಳಿದರು. ಧೂಳಪ್ಪಗೌಡರು ಬೆವರೊರೆಸಿಕೊಂಡು ಕೈ ಎತ್ತಿದರು. "ಯಾವ ಪಿಕ್ಚರ್‌ದು ಮಾಸ್ತರ?"

ಹಾಜಿಮಲಂಗನ ಎದುರಿಗೆ ಗೌಡರ ಕೈಯಲ್ಲಿ ನೋಟು, ಬೆನ್ನ ಹಿಂದೆ ಮರ್ಯಾದೆ.

"ಇನ್ನೂ ಬಂದಿಲ್ರಿ ಗೌಡ್ರ. ಬರೂ ಪಿಕ್ಚರ್‌ದು," ಎಂದುಬಿಟ್ಟ.

ಗೌಡರ ಮುಖ ಅರಳಿತು. ಬಂದ ಪಿಕ್ಚರಿನ ಹಾಡು ಯಾರ ಮದುವೆಯಲ್ಲಿ ಬೇಕಾದರೂ ಬಾರಿಸಬಹುದು. ಇನ್ನೂ ಬಾರದ ಪಿಕ್ಚರಿನ ಹಾಡು ಬಾರಿಸಿದ್ದು ಜಿಲ್ಲೆಯಲ್ಲೇ ತಮ್ಮ ಮಗಳ ಮದುವೆಯಲ್ಲಿ! ಅವರು ನೋಟು ಚುಚ್ಚಿದ್ದಷ್ಟೇ ಅಲ್ಲ, ಆ ಸುದ್ದಿಯನ್ನು ಹೋದಲ್ಲೆಲ್ಲ ಹಂಚಿದರು.

ಅಲ್ಲಿಂದ ಮುಂದೆ ಎಲ್ಲರಿಗೂ 'ಬರೂ ಪಿಕ್ಚರಿನ ಹಾಡೇ' ಬೇಕು. ಹಾಜಿಮಲಂಗ ಮತ್ತೊಂದು ಮಾತು ಸೇರಿಸಲಿಲ್ಲ. ಸೇರಿಸುವ ಕಷ್ಟವನ್ನು ಜನರೇ ವಹಿಸಿಕೊಂಡರು. ಗಂಟೆಯ ಸದ್ದಿದೆಯಲ್ಲ, ಅದು ಎತ್ತುಗಳ ಪಿಕ್ಚರ್ ಎಂದು ಮುದ್ದೇಬಿಹಾಳದವರು ತೀರ್ಮಾನಿಸಿದರು. ಇಲ್ಲ, ಜಾತ್ರೆಯಲ್ಲಿ ಕಳೆದುಹೋದ ಅಣ್ಣತಮ್ಮಂದಿರ ಕತೆ, ಕಡೆಗೆ ಗಂಟೆಯ ಸದ್ದಿನಿಂದಲೇ ಗುರುತು ಹತ್ತುತ್ತದೆ ಎಂದು ಬಾಗೇವಾಡಿಯವರು. ಸಿಂದಗಿಯಲ್ಲಿ ಡೇರೆ ಹಾಕಿ ಪಿಕ್ಚರ್ ತೋರಿಸುತ್ತಿದ್ದ ಶಂಕ್ರೆಪ್ಪನ ಗತಿಯಂತೂ ಯಾರಿಗೂ ಬೇಡ. ಯಾವ ಪಿಕ್ಚರ್ ಹಾಕಿದರೂ ಜನ ಆ ಹಾಡಿಗಾಗಿ ಕಾಯ್ದು ಕೂತು, ಬಾರದಿದ್ದಾಗ ರೀಲು ಕತ್ತರಿಸಿದವನು ಅವನೇ ಎಂಬಂತೆ ಬೈದು ಹೋಗುತ್ತಿದ್ದರು. ಕಡೆಗೆ ಅವನು ದಿನಾ ಪರದೆಯ ಮುಂದೆ ನಿಂತು ಕೈಮುಗಿದು, "ಆ ಹಾಡು ಇದರಾಗಿಲ್ರಪ್ಪ. ಇದ್ದದ್ದು ನೋಡ್ರಿ," ಎಂದು ಹೇಳಿಯೇ ಪಿಕ್ಚರ್ ಶುರು ಮಾಡುವಂತಾಯಿತು.

ಸಗೀರಾಳಿಗೆ ಇದು ಒಂಚೂರೂ ಸೇರಲಿಲ್ಲ. "ಹತ್ತಿ ಹಿಂಜಿದಷ್ಟೂ ಮನಿ ತುಂಬತೈತ್ರಿ. ಸುಳ್ಳೂ ಹಂಗ. ನಾಳೆ ನಾವ್ ಎಲ್ಲಿ ಮಲಗೂದು?" ಎಂದಳು.

ಬೇಸಿಗೆಯಲ್ಲಿ ಇಂಡಿಯಲ್ಲೊಂದು ದೊಡ್ಡ ಮದುವೆ. ಹೆಣ್ಣಿನ ಕಡೆಯವರು ಫಕ್ರುದ್ದೀನನ ಬ್ಯಾಂಡು ಹೇಳಿದ್ದರು, ಗಂಡಿನ ಕಡೆಯವರು ಹಾಜಿಮಲಂಗನದು. ಎರಡು ಬ್ಯಾಂಡು ಎದುರುಬದುರಾದರೆ ಬೀಗರಿಗಿಂತ ಹೆಚ್ಚು ಬಿಗಿಯುತ್ತವೆ. ಹಾಜಿಮಲಂಗ ಆ ಹಾಡು ಬಾರಿಸಿ ಮುಗಿಸಿದ್ದೇ ತಡ, ಫಕ್ರುದ್ದೀನ ಮುಂದೆ ಬಂದ.

"ಲೇ ಮಲಂಗ, ಪಿಕ್ಚರಿನ ಹೆಸರೇನೋ?"

"ಹೆಸರು ಇನ್ನೂ ಇಟ್ಟಿಲ್ಲ."

"ಹುಟ್ಟಿದ್ರ ಹೆಸರಿಡ್ತಾರ. ಅದು ಹುಟ್ಟೇ ಇಲ್ಲ. ನೀ ಬಂಡಲ ಬಿಡಾಕತ್ತೀದಿ!"

ಜನ ಕಿಸಕ್ಕೆಂದು ನಕ್ಕರು. ಆ ನಗುವೇ ಹಾಜಿಮಲಂಗನ ತಲೆ ಕೆಡಿಸಿತು. "ಈ ವರ್ಷ ಮುಗಿಯೂದ್ರಾಗ ಆ ಪಿಕ್ಚರ್ ಸಿಂದಗಿಗೆ ಬರಲಿಲ್ಲಂದ್ರ, ನಾ ಕ್ಲಾರ್ನೆಟ್ ಕೆಳಗಿಟ್ಟು ನಿನ್ನ ಬ್ಯಾಂಡಿನಾಗ ಢೋಲ ಹೊರ್ತೇನಿ!" ಎಂದು ನಾಲ್ಕು ಜನರ ಮುಂದೆ ಕೂಗಿದ.

"ಬಂತಂದ್ರ ನಾ ನಿಂದು ಹೊರ್ತೇನಿ," ಎಂದು ಫಕ್ರುದ್ದೀನ ಕೈ ಮೇಲೆ ಕೈ ಹೊಡೆದ.

ಕ್ಲಾರ್ನೆಟ್ ಹಿಡಿದವನು ಮುಂದೆ ನಡೆಯುವವನು. ಢೋಲು ಹೊತ್ತವನು ಎಲ್ಲರ ಧೂಳು ಕುಡಿಯುತ್ತ ಹಿಂದೆ ಬರುವವನು. ಮಾಸ್ತರನಾಗಿದ್ದವನಿಗೆ, ಅದೂ ವೈರಿಯ ಬ್ಯಾಂಡಿನಲ್ಲಿ, ಢೋಲು ಹೊರುವುದೆಂದರೆ ನಡುಬಜಾರದಲ್ಲಿ ಮೀಸೆ ಬೋಳಿಸಿದಂತೆ. ಮಳೆಗಾಲವಿಡೀ ಹಾಜಿಮಲಂಗ ಬಿಲ್ಲು ಮೀಟುತ್ತ ಇದನ್ನೇ ಯೋಚಿಸಿದ. ಉಸ್ತಾದ ತನ್ನ ಕೈಯಾರೆ ಕೊಟ್ಟ ಕ್ಲಾರ್ನೆಟ್ ಅದು. ಅದನ್ನು ಕೆಳಗಿಟ್ಟರೆ ತಾನು ಯಾರು? ಬರೀ ಗಾದಿ ಹೊಲಿಯುವವನು. ಅವನಿಗೆ ನಿಜವಾಗಿ ಹೆದರಿಕೆಯಾಯಿತು.

ತುಳಸಿ ಲಗ್ನ ಮುಗಿದು ಮತ್ತೆ ಮದುವೆಗಳು ಬಂದವು. ಮೊದಲನೆಯ ಮೆರವಣಿಗೆ ಸಿಂದಗಿಯ ಸರಕಾರಿ ದವಾಖಾನೆಯ ಹಿಂದಿನ ಕ್ವಾರ್ಟರ್ಸ್ ಮುಂದೆ ಹಾಯುವಾಗ, ಕೈತುಂಬ ಸಾಬೂನಿನ ನೊರೆ ಮಾಡಿಕೊಂಡ ಹೆಂಗಸೊಬ್ಬಳು ಓಡಿಬಂದು ಬ್ಯಾಂಡಿಗೆ ಅಡ್ಡ ನಿಂತಳು. ಕರುಣಾಬಾಯಿ, ಮಳೆಗಾಲದಲ್ಲಿ ಬೆಟಗೇರಿಯಿಂದ ವರ್ಗವಾಗಿ ಬಂದಿದ್ದ ನರ್ಸಬಾಯಿ. ಹೆರಿಗೆ ಮಾಡಿಸುವ ಕೈ ಹಗುರವೆಂದು ಊರ ಹೆಂಗಸರಿಗೆ ಅಚ್ಚುಮೆಚ್ಚು. ಊರಿನಲ್ಲಿ ಕ್ರೈಸ್ತರ ಮನೆ ಅವಳದೊಂದೇ. ಚರ್ಚಿಲ್ಲ, ಬಳಗವಿಲ್ಲ, ಆಯಿತವಾರ ಬಂದರೆ ಬಾಗಿಲು ಹಾಕಿಕೊಂಡು ಒಬ್ಬಳೇ ಕೂರುತ್ತಿದ್ದಳು.

"ನಿಂದರ್ರಿ ಮಾಸ್ತರ! ಈ ಹಾಡು ಎಲ್ಲಿಂದ ತಂದ್ರಿ?"

"ಬರೂ ಪಿಕ್ಚರ್‌ದ್ರಿ ಬಾಯಾರ..."

ಕರುಣಾಬಾಯಿ ನಗತೊಡಗಿದಳು. ನಗುತ್ತಲೇ ಅವಳ ಕಣ್ಣು ತುಂಬಿದವು. ಹತ್ತಿರ ಬಂದು ಸಣ್ಣ ದನಿಯಲ್ಲಿ ಹೇಳಿದಳು: "ಪಿಕ್ಚರ್ ಅಲ್ರಿ ಇದು. ನಮ್ಮ ಕ್ರಿಸ್‌ಮಸ್ ಹಾಡು. ನಮ್ಮವ್ವ ತೊಟ್ಟಿಲ ತೂಗಿ ಹಾಡತಿದ್ಲು. ಅದನ್ನ್ಯಾಕ ಹಿಂಗ ನಾಯಿ ಬೆನ್ನ ಹತ್ತಿದಂಗ ಓಡಿಸಾಕತ್ತೀರಿ?"

ಪುಣ್ಯಕ್ಕೆ ಆ ಮಾತು ಕೇಳಿಸಿದ್ದು ಮಾಸ್ತರನಿಗೆ ಮತ್ತು ಕುದುರೆಗೆ ಮಾತ್ರ.

ಮರುದಿನ ಅವಳೇ ಗಾದಿ ಅಂಗಡಿಗೆ ಬಂದು ತಟ್ಟೆ ನೋಡಿದಳು. ನಡುವಿನ ಕಾಗದದ ಮೇಲಿದ್ದ ಇಂಗ್ಲಿಷ್ ಓದಿ, "ಎಲ್ಲಾ ಕ್ರಿಸ್‌ಮಸ್ ಹಾಡ್ರಿ ಇದರಾಗ. ಹಾಡಿದವ್ರು ವಿಲಾಯತಿ ಹುಡುಗ್ರು. ರಾಕ್ ಬ್ಯಾಂಡ್ ಅಂತಾರ ಇದಕ್ಕ," ಎಂದಳು.

"ರೊಕ್ಕದ ಬ್ಯಾಂಡಾ? ರೊಕ್ಕ ತಗೊಳ್ಳದ ಬ್ಯಾಂಡ್ ಯಾವ ಊರಾಗ ಐತ್ರಿ ಬಾಯಾರ?" ಎಂದ ಹಾಜಿಮಲಂಗ. ವಿಲಾಯತಿಯವರೂ ತನ್ನ ಕಸುಬಿನವರೇ ಎಂದು ತಿಳಿದು ಅವನಿಗೆ ಸ್ವಲ್ಪ ಸಮಾಧಾನವಾಯಿತು.

ಅವನು ತಟ್ಟೆ ಹಚ್ಚಿದ. ಅದು ತಿರುಗುವುದನ್ನು ನೋಡಿ ಅವಳು ಹುಬ್ಬು ಗಂಟಿಕ್ಕಿದಳು. ಆ ಪ್ಲೇಯರಿನ ವೇಗ ಬದಲಿಸುವ ಕಡ್ಡಿ ಯಾವಾಗಲೋ ಸಿಕ್ಕಿಕೊಂಡು, ಸಣ್ಣ ತಟ್ಟೆಗಳಿಗೆ ಬೇಕಾದ ವೇಗದಲ್ಲೇ ನಿಂತುಬಿಟ್ಟಿತ್ತು. ಮಾಸ್ತರನ ಹಳೆಯ ತಟ್ಟೆಗಳೆಲ್ಲ ಸಣ್ಣವೇ, ಹಾಗಾಗಿ ಗೊತ್ತಾಗಿರಲಿಲ್ಲ. ಇದು ದೊಡ್ಡ ತಟ್ಟೆ, ಸಾವಕಾಶ ತಿರುಗಬೇಕಾದದ್ದು. ಕರುಣಾಬಾಯಿ ತಲೆಯ ಪಿನ್ನು ತೆಗೆದು ಕಡ್ಡಿಯನ್ನು ಮೀಟಿ ಸರಿಸಿದಳು. ಇಲಿಮರಿಗಳ ದನಿ ಹೋಗಿ ಗಂಡಸರ ದನಿ ಬಂತು. ಓಡುತ್ತಿದ್ದ ಹಾಡು ನಿಂತು, ಕೂತು, ತೊಡೆಯ ಮೇಲೆ ಕೂಸನ್ನು ಹಾಕಿಕೊಂಡಿತು. ಸಗೀರಾ ಸೆರಗಿನಿಂದ ಮೂಗು ಒರೆಸಿಕೊಂಡಳು.

ಹಾಜಿಮಲಂಗ ಆಗ ಎಲ್ಲವನ್ನೂ ಹೇಳಿಕೊಂಡ. ಗೌಡರು ಕೇಳಿದ್ದು, ತಾನು ಹೇಳಿದ್ದು, ಇಂಡಿಯಲ್ಲಿ ಪಣ ಕಟ್ಟಿದ್ದು. ಕರುಣಾಬಾಯಿ ತುಂಟಿ. ಸ್ವಲ್ಪ ಯೋಚಿಸಿ, "ಪಿಕ್ಚರ್ ಬರ್ತೈತಿ ಅಂತ ಹೇಳ್ರಿ," ಎಂದಳು. "ಡಿಸೆಂಬರ್ ಇಪ್ಪತ್ತೈದಕ್ಕ, ಇಳಿಹೊತ್ತಿಗೆ, ನಮ್ಮ ಕ್ವಾರ್ಟರ್ಸ್ ಅಂಗಳದಾಗ. ಹಾಡು ನಿಮ್ಮದು, ಕತಿ ನನ್ನದು. ನೋಡೂಣು."

ಸುದ್ದಿ ಹೊರಬಿದ್ದದ್ದೇ ತಡ, ಆ ದಿನ ಅಂಗಳದಲ್ಲಿ ಕಾಲಿಡಲು ಜಾಗವಿಲ್ಲ. ಅಗರಖೇಡದಿಂದ ಧೂಳಪ್ಪಗೌಡರು ಗಾಡಿ ಕಟ್ಟಿಸಿಕೊಂಡು ಬಂದರು. ಯಾರ ಡೇರೆಯೂ ಇಲ್ಲದೆ ಪಿಕ್ಚರ್ ಹೇಗೆ ತೋರಿಸುತ್ತಾರೆಂದು ನೋಡಲು ಶಂಕ್ರೆಪ್ಪ ಬಂದ. ಕರುಣಾಬಾಯಿಯ ಕೈಯಲ್ಲಿ ಹೆತ್ತವರೆಲ್ಲ ಕೂಸುಗಳನ್ನೆತ್ತಿಕೊಂಡು ಬಂದರು. ಫಕ್ರುದ್ದೀನ ತನ್ನ ಇಡೀ ಬ್ಯಾಂಡಿನೊಂದಿಗೆ, ಮುಖ್ಯವಾಗಿ ಢೋಲಿನೊಂದಿಗೆ, ಬಂದ. ಒಣಗಲು ಹಾಕಿದ್ದ ಬಿಳಿಯ ಹಾಸಿಗೆ ವಸ್ತ್ರವೊಂದು ತಂತಿಯ ಮೇಲೆ ಹಾಗೇ ಉಳಿದಿತ್ತು. ಅದನ್ನೇ ಪರದೆಯೆಂದು ತಿಳಿದು ಜನರೆಲ್ಲ ಅದರ ಕಡೆ ಮುಖ ಮಾಡಿ ಭಕ್ತಿಯಿಂದ ಕೂತಿದ್ದರು. ಗಾಳಿಗೆ ಅದು ಅಲುಗಾಡಿದಾಗೊಮ್ಮೆ, "ಶುರುವಾತು, ಸುಮ್ಮಕಿರ್ರಿ," ಎನ್ನುತ್ತಿದ್ದರು.

ಕರುಣಾಬಾಯಿ ಎಲ್ಲರಿಗೂ ಕರ್ಚಿಕಾಯಿ ಹಂಚಿ, ಬಾಗಿಲ ಮೆಟ್ಟಿಲ ಮೇಲೆ ನಿಂತು ಕತೆ ಹೇಳಿದಳು. ಜನಗಣತಿಗೆಂದು ಗಂಡನ ಜೊತೆ ದೂರದ ಊರಿಗೆ ಹೊರಟ ದಿನತುಂಬಿದ ಬಸುರಿ. ಒಬ್ಬರೂ ಒಳಗೆ ಕರೆಯದ ಊರು. ಕಡೆಗೆ ದನದ ಕೊಟ್ಟಿಗೆಯಲ್ಲಿ ಹೆರಿಗೆಯಾಗಿ, ಕೂಸನ್ನು ದನಗಳಿಗೆ ಮೇವು ಹಾಕುವ ಗ್ವಾದಲಿಯ ಹುಲ್ಲಿನ ಮೇಲೆ ಮಲಗಿಸಿದ್ದು. ಜನ ಹಾಸಿಗೆ ವಸ್ತ್ರವನ್ನು ಮರೆತು ಅವಳ ಕಡೆ ತಿರುಗಿ ಕೂತರು.

ಮುಂದೆ ಕೂತಿದ್ದ ಮುದುಕಿ ಚಂದವ್ವ ಕೈ ಎತ್ತಿದಳು. "ಬಾಯಿ, ಹೆರಿಗಿ ಮಾಡಿಸಿದಾಕಿ ಯಾರು?"

"ಯಾರೂ ಇರಲಿಲ್ಲವ್ವ."

"ಒಬ್ಬ ಸೂಲಗಿತ್ತಿ ಸಿಗಲಿಲ್ಲಾ? ಎಂಥಾ ಊರು ಅದು, ಬೆಂಕಿ ಹಾಕ!" ಚಂದವ್ವ ನಿಜವಾಗಿ ಸಿಟ್ಟಾದಳು. "ನೀ ಅಲ್ಲಿ ಇರಬೇಕಾಗಿತ್ತ ನೋಡು."

ಹೆಂಗಸರೆಲ್ಲ ಹೌದೆಂದರು. ಕರುಣಾಬಾಯಿ ಮೆಟ್ಟಿಲಿಳಿದು ಚಂದವ್ವನ ಕೈಗೆ ಇನ್ನೊಂದು ಕರ್ಚಿಕಾಯಿ ಇಟ್ಟಳು.

ಫಕ್ರುದ್ದೀನ ಎದ್ದು ನಿಂತ. "ಕತಿ ಭಾಳ ಚಲೋ ಐತ್ರಿ ಬಾಯಾರ. ಖರೇ ಪಿಕ್ಚರ್ ಎಲ್ಲೈತಿ?"

ಎಲ್ಲರ ಕಣ್ಣು ಮತ್ತೆ ಹಾಸಿಗೆ ವಸ್ತ್ರದ ಕಡೆ ಹೋಯಿತು. ಕರುಣಾಬಾಯಿ ಏನಾದರೂ ಹೇಳಿ ಮಾಸ್ತರನನ್ನು ಉಳಿಸಲು ಬಾಯಿ ತೆರೆದಳು. ಹಾಜಿಮಲಂಗ ಅವಳ ಮುಖ ನೋಡಿದ. ವರ್ಷಕ್ಕೊಮ್ಮೆ ಬರುವ ಅವಳ ಹಬ್ಬ. ಅದೂ ತವರೂರು ಬಿಟ್ಟು ಬಂದಲ್ಲಿ. ಅಂಥ ದಿನ ಅವಳ ಬಾಯಿಂದ ತನ್ನ ಸುಳ್ಳು ಬರಬೇಕೆ? ಇದು ಮಾತ್ರ ಅವನಿಂದ ಸಹಿಸಲಾಗಲಿಲ್ಲ.

"ಬ್ಯಾಡ್ರಿ ಬಾಯಾರ," ಎಂದು ಎದ್ದ. "ಕೇಳ್ರಪ್ಪ ಎಲ್ಲಾರೂ. ಪಿಕ್ಚರ್ ಇಲ್ಲ. ಯಾವತ್ತೂ ಇರಲಿಲ್ಲ. ಇದು ಬಾಯಾರ ಹಬ್ಬದ ಹಾಡು, ದೇವರ ಕೂಸಿನ ಹಾಡು. ನಾ ಸುಳ್ಳು ಹೇಳೇನಿ."

ಕ್ಲಾರ್ನೆಟ್ಟನ್ನು ಮೆಟ್ಟಿಲ ಮೇಲಿಟ್ಟ. ನಡೆದುಹೋಗಿ ಫಕ್ರುದ್ದೀನನ ಢೋಲಿನವನ ಕೊರಳಿನಿಂದ ಪಟ್ಟಿ ತೆಗೆದು ತನ್ನ ಕೊರಳಿಗೆ ಹಾಕಿಕೊಂಡ. ಸಗೀರಾ ಅತ್ತಳು, ಆದರೆ ತಲೆ ತಗ್ಗಿಸಲಿಲ್ಲ.

ಧೂಳಪ್ಪಗೌಡರು ಎದ್ದು ನಿಂತರು. "ಹಂಗಂದ್ರ ನನ್ನ ಮಗಳ ಲಗ್ನದಾಗ ಬಾರ್ಸಿದ್ದು ದೇವರ ಹಾಡೇನೋ?"

"ಹೌದ್ರಿ ಗೌಡ್ರ."

"ಪಿಕ್ಚರಿಗಿಂತ ಚಲೋನ ಆತ ಬಿಡು," ಎಂದು ಗೌಡರು ಮೀಸೆ ತೀಡಿಕೊಂಡರು.

"ಅದೆಲ್ಲಾ ಇರ್ಲಿ," ಎಂದಳು ಕರುಣಾಬಾಯಿ. "ಇವತ್ತ ನನ್ನ ಹಬ್ಬ. ಮಾಸ್ತರ ಢೋಲ ಹೊತ್ರು. ಈಗ ಹಾಡು ಯಾರು ಬಾರಸ್ತಾರ?"

ಎಲ್ಲರೂ ಫಕ್ರುದ್ದೀನನನ್ನು ನೋಡಿದರು. ಅವನು ಕೆಮ್ಮಿದ, ಟೋಪಿ ಸರಿಮಾಡಿಕೊಂಡ, ಬೇರೆ ದಾರಿಯಿಲ್ಲದೆ ತನ್ನ ಕ್ಲಾರ್ನೆಟ್ ತುಟಿಗಿಟ್ಟ. ಹಾಡು ಮೊದಲಿನಿಂದ ಕೊನೆಯವರೆಗೆ ಒಂದು ಸ್ವರವೂ ತಪ್ಪದೆ ಹೊರಟಿತು! ವರ್ಷವಿಡೀ ಹಾಜಿಮಲಂಗನ ಮೆರವಣಿಗೆಗಳ ಹಿಂದೆ ತಲೆಗೆ ಟವೆಲ್ಲು ಸುತ್ತಿಕೊಂಡು ನಿಂತು ಕದ್ದು ಕಲಿತಿದ್ದ ಭೂಪ. ಅಂಗಳಕ್ಕೆ ಅಂಗಳವೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹಾಜಿಮಲಂಗನಿಗೂ ನಗು ತಡೆಯಲಾಗಲಿಲ್ಲ.

ಕರುಣಾಬಾಯಿ ಎರಡೂ ಕೈ ಎತ್ತಿದಳು. "ಸಾವಕಾಶ, ಸಾವಕಾಶ! ಕೂಸು ಈಗರ ಮಲಗೇತಿ!"

ಸಾವಕಾಶ ಎಂದರೆ ಎಷ್ಟು ಸಾವಕಾಶ? ಫಕ್ರುದ್ದೀನನಿಗೆ ಗೊತ್ತಿರಲಿಲ್ಲ. ಅವನು ಕಲಿತದ್ದೇ ಓಟದ ಹಾಡು. ಅದರ ನಿಜವಾದ ನಡೆಯನ್ನು ಕೇಳಿದ್ದ ಬ್ಯಾಂಡಿನವನು ಅಲ್ಲಿ ಒಬ್ಬನೇ. ಮತ್ತು ಯಾವ ಊರಿನ ಬ್ಯಾಂಡೇ ಇರಲಿ, ಮುಂದಿನವನು ಎಷ್ಟೇ ದೊಡ್ಡ ಮಾಸ್ತರನಿರಲಿ, ಹೆಜ್ಜೆ ಹಾಕುವುದು ಢೋಲು ಹೇಳಿದಂತೆಯೇ. ಹಾಜಿಮಲಂಗ ಕೋಲಿನ ತುದಿಗೆ ತನ್ನ ರುಮಾಲು ಸುತ್ತಿ, ತೂಗುವ ತೊಟ್ಟಿಲು ಒಮ್ಮೆ ಹೋಗಿ ಬರುವಷ್ಟು ಬಿಡುವು ಕೊಟ್ಟು, ಮೆತ್ತಗೆ ಒಂದು ಪೆಟ್ಟು ಹಾಕಿದ. ಮತ್ತೊಂದು. ಫಕ್ರುದ್ದೀನ ತಿರುಗಿ ನೋಡಿದ, ತಲೆಯಾಡಿಸಿದ, ಆ ಪೆಟ್ಟಿಗೆ ತನ್ನ ಉಸಿರು ಹೊಂದಿಸಿದ.

ಆಗ ಕರುಣಾಬಾಯಿ ಹಾಡಿದಳು. ಇಂಗ್ಲಿಷಿನಲ್ಲಿ ಅಲ್ಲ. ಬೆಟಗೇರಿಯ ಕ್ರೈಸ್ತ ನೇಕಾರ ಹೆಂಗಸರು ಮಗ್ಗದ ಮನೆಗಳಲ್ಲಿ ತಮ್ಮ ಬಾಯಿಗೆ ಒಗ್ಗಿಸಿಕೊಂಡಿದ್ದ ಕನ್ನಡದಲ್ಲಿ.

"ಗ್ವಾದಲಿಯ ಹುಲ್ಲಾಗ ಮಲಗೀದಿ ಕೂಸ,
ಚಳಿಗಾಳಿ ಬೀಸೈತಿ, ಹೊದಿಸಲೇನ ಕಂದಾ..."

ಜನ ಬೆರಗಾಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವರ್ಷವಿಡೀ ಬೊಂಬಾಯಿಯಿಂದ ಬರುತ್ತದೆಂದು ಕಾಯ್ದ ಹಾಡು ತಮ್ಮದೇ ಮಾತಿನಲ್ಲಿ, ತಮ್ಮದೇ ಊರಿನ ಕ್ವಾರ್ಟರ್ಸಿನಲ್ಲಿ, ಬಾಗಿಲು ಹಾಕಿಕೊಂಡು ಕೂತಿತ್ತು. ನಡುವೆ ಒಮ್ಮೆ ಅವಳ ದನಿ ಒಡೆದು ನಿಂತುಹೋಯಿತು. ಹಾಜಿಮಲಂಗ ಕೋಲು ಎತ್ತಿ ಹಿಡಿದು ಕಾಯ್ದ. ಫಕ್ರುದ್ದೀನನೂ ಉಸಿರು ಬಿಗಿಹಿಡಿದು ಕಾಯ್ದ. ಅವಳು ಕಣ್ಣೊರೆಸಿಕೊಂಡು ಮುಂದಿನ ಸಾಲು ಎತ್ತಿಕೊಳ್ಳುವ ಹೊತ್ತಿಗೆ ಚಂದವ್ವ, ಆಮೇಲೆ ಅವಳ ಹಿಂದಿನ ಹೆಂಗಸರು, ತೊಡೆಯ ಮೇಲಿನ ಕೂಸುಗಳನ್ನು ತಟ್ಟುತ್ತ, ಮದುವೆಗಳಲ್ಲಿ ಕೇಳಿ ಬಲ್ಲ ಧಾಟಿಯಲ್ಲಿ ಜೋ ಜೋ ಎನ್ನುತ್ತ, ಅವಳ ಜೊತೆ ದನಿಗೂಡಿಸಿದ್ದರು.